ನರವಲ್ಲ, ಅಭಿಧಮನಿ



ಈ ಸಲ ಎತ್ತಿಕೊಂಡಿರುವ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಮುಜುಗರವಾಗಬಹುದು. ಆದರೆ ಮುಜುಗರಕ್ಕೆ ಅಂಜಿ ಮುಚ್ಚಿಟ್ಟ ಮಾತು ಅಜ್ಞಾನವನ್ನೇ ಬೆಳೆಸುತ್ತದೆ ಎಂಬುದು ಅಧ್ಯಾಪನದ ವರ್ಷಗಳು ನನಗೆ ಕಲಿಸಿದ ಪಾಠ.

ವೃಷಣದ ಮೇಲ್ಭಾಗದಲ್ಲಿ ರಕ್ತನಾಳಗಳು ಉಬ್ಬಿ, ಸುರುಳಿ ಸುರುಳಿಯಾಗಿ ಕೈಗೆ ಸಿಗುವ ಒಂದು ಸ್ಥಿತಿಯುಂಟು. ವೈದ್ಯಶಾಸ್ತ್ರವು ಇದನ್ನು 'ವೆರಿಕೋಸೀಲ್' ಎಂದು ಕರೆಯುತ್ತದೆ. ಹೆಸರು ಕಠಿಣವೆನಿಸಿದರೂ ಅರ್ಥ ಸರಳ. ಲ್ಯಾಟಿನ್ನಿನ 'ವಾರಿಕ್ಸ್' ಎಂದರೆ ಉಬ್ಬಿದ ಅಭಿಧಮನಿ. ಗ್ರೀಕಿನ 'ಕೀಲೆ' ಎಂದರೆ ಬಾವು. ವೃಷಣದ ಸುತ್ತ ನೀರು ತುಂಬಿಕೊಂಡರೆ ಅದು ಹೈಡ್ರೋಸೀಲ್. ಅದು ಬೇರೆ, ಇದು ಬೇರೆ.

ನಮ್ಮ ಆಡುಮಾತಿನಲ್ಲಿ ಮಾತ್ರ ಇದು 'ನರ ಊದಿದೆ' ಎಂದಾಗಿಬಿಡುತ್ತದೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ನರವು ಸಂವೇದನೆಯನ್ನು ಒಯ್ಯುವ ತಂತು. ಅಭಿಧಮನಿಯು ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಎರಡಕ್ಕೂ ಒಂದೇ ಹೆಸರನ್ನಿಟ್ಟ ಕಾರಣ, ಹದಿನಾರರ ಹುಡುಗನಿಗೆ ತನ್ನ 'ನರ' ಊದಿರುವುದು ತಿಳಿದೊಡನೆ ನೆನಪಾಗುವುದು ಬಸ್ ನಿಲ್ದಾಣದ ಗೋಡೆಯ ಮೇಲಿನ 'ನರದೌರ್ಬಲ್ಯ, ಗುಪ್ತರೋಗ' ಎಂಬ ಜಾಹೀರಾತು. ತಂದೆಗೆ ಹೇಳಲಾರದ್ದನ್ನು ಅಲ್ಲಿ ಹೇಳಿಕೊಂಡು ಹಣವನ್ನೂ ಆತ್ಮವಿಶ್ವಾಸವನ್ನೂ ಕಳೆದುಕೊಳ್ಳುತ್ತಾನೆ.

ವಾಸ್ತವದಲ್ಲಿ ಇದು ಗುಪ್ತರೋಗವೂ ಅಲ್ಲ, ದುರಭ್ಯಾಸದ ಫಲವೂ ಅಲ್ಲ. ರಕ್ತವು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು ದುರ್ಬಲವಾದಾಗ ರಕ್ತ ಕೆಳಗೆ ನಿಂತು ನಾಳ ಹಿಗ್ಗುತ್ತದೆ. ಎಡಗಡೆಯ ನಾಳವು ಹೆಚ್ಚು ಉದ್ದವಾಗಿದ್ದು, ಎಡ ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುವುದರಿಂದ ಎಡಭಾಗದಲ್ಲೇ ಇದು ಹೆಚ್ಚು. ಹರೆಯದಲ್ಲಿ ತೊಡಗುವ ಈ ಸ್ಥಿತಿ 100 ಗಂಡಸರಲ್ಲಿ ಸುಮಾರು 15 ಮಂದಿಗೆ ಇರುತ್ತದೆ. ರೋಮಿನ ಸೆಲ್ಸಸ್ ಕ್ರಿ.ಶ. 1ನೆಯ ಶತಮಾನದಲ್ಲೇ ಇದನ್ನು ವಿವರಿಸಿದ್ದಾನೆ. ಬಹುಮಂದಿಗೆ ಚಿಕಿತ್ಸೆಯೇ ಬೇಕಾಗದು. ನೋವು ಕಾಡಿದರೆ, ಬೆಳೆಯುವ ಹುಡುಗನ ವೃಷಣ ಕುಗ್ಗುತ್ತಿದ್ದರೆ, ಅಥವಾ ಸಂತಾನಕ್ಕೆ ತೊಡಕಾದರೆ ಶಸ್ತ್ರಚಿಕಿತ್ಸೆಯುಂಟು. ಬಲಗಡೆ ಮಾತ್ರ ಹಠಾತ್ತನೆ ಕಾಣಿಸಿಕೊಂಡರೆ, ಇಲ್ಲವೇ ಮಲಗಿದಾಗಲೂ ಉಬ್ಬು ಇಳಿಯದಿದ್ದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಹೊಟ್ಟೆಯೊಳಗಿನ ಗಡ್ಡೆ ನಾಳವನ್ನು ಒತ್ತುತ್ತಿರುವ ಸಂಭವವಿರುತ್ತದೆ.

ಈ ಮೌನದ ಬೆಲೆಯನ್ನು ತೆರುವವರು ಹಲವರು. ಸೇನೆಗೆ ಸೇರಲು ವರ್ಷಗಟ್ಟಲೆ ಓಡಿ ದೇಹ ಹುರಿಗೊಳಿಸಿದ ತರುಣರು ಭರ್ತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಈ ಪದವನ್ನು ಮೊದಲ ಬಾರಿಗೆ ಕೇಳುವುದುಂಟು. ಇನ್ನು ಮಕ್ಕಳಾಗದ ಮನೆಗಳಲ್ಲಿ ಬೆಲೆ ತೆರುವವಳು ಸೊಸೆ. ವ್ರತ, ಹರಕೆ, ತಪಾಸಣೆ ಎಲ್ಲವೂ ಅವಳ ಪಾಲಿಗೆ. ಮೊದಲ ಸಂತಾನವಾಗದೆ ಪರೀಕ್ಷೆಗೆ ಬರುವ ಗಂಡಸರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಯಲ್ಲಿ ವೆರಿಕೋಸೀಲ್ ಕಂಡುಬರುತ್ತದೆ. ವೀರ್ಯ ಪರೀಕ್ಷೆ ಸುಲಭವಾದದ್ದು, ನೋವಿಲ್ಲದ್ದು. ಆದರೂ ಗಂಡನ ಸರದಿ ಬರುವುದು ಕಟ್ಟಕಡೆಗೆ. ಇದು ಅನ್ಯಾಯವೆಂದೇ ನನ್ನ ಸ್ಪಷ್ಟ ಅಭಿಪ್ರಾಯ.

ನಿಮ್ಮಲ್ಲಿ ಅಧ್ಯಾಪಕರಾಗಿರುವವರಿಗೆ ನನ್ನ ವಿನಂತಿ: ಸಂತಾನೋತ್ಪತ್ತಿಯ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸಬೇಡಿ. ತಂದೆಯಾಗಿರುವವರು ಮಗನಿಗೆ ಕಣ್ಣು, ಮೂಗು ಎಂದು ಕಲಿಸಿದಂತೆಯೇ ವೃಷಣವೆಂಬ ಪದವನ್ನೂ ಕಲಿಸಿ. ಹೆಸರು ಗೊತ್ತಿದ್ದವನು ವೈದ್ಯರ ಮುಂದೆ ತಲೆತಗ್ಗಿಸದೆ ಮಾತನಾಡಬಲ್ಲನು.

ಇಂತು,
ನಿಮ್ಮ ಮೇಷ್ಟ್ರು