ಅಲುಗದ ವಿಡಿಯೋದಲ್ಲಿ ಕಡಲೆಲ್ಲಿದೆ?

ಜೂನ್, ಜುಲೈ ಎರಡು ತಿಂಗಳ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಕರಾವಳಿಯ ಹುಡುಗರಿಂದ ನಮಗೆ ಒಂದೇ ಪ್ರಶ್ನೆ ಬರುತ್ತದೆ: ಬೋಟಿನಲ್ಲಿ ಹೋಗಿ ಮೀನುಗಾರಿಕೆ ಶೂಟ್ ಮಾಡ್ಬೇಕು, ಯಾವ ಕ್ಯಾಮೆರಾ ತಗೊಳ್ಳಲಿ? ಯೂಟ್ಯೂಬಿನ ಪಂಡಿತರೆಲ್ಲ ಕೊಡುವ ಉತ್ತರವೂ ಒಂದೇ. ಆಕ್ಷನ್ ಕ್ಯಾಮೆರಾ ತಗೊ, 4ಕೆ ಇರಲಿ, ಸ್ಟೆಬಿಲೈಸೇಷನ್ ಜೋರಾಗಿರಲಿ, ದುಡ್ಡಿದ್ದರೆ ಡ್ರೋನ್ ಕೂಡ ಇರಲಿ. ಈ ಉತ್ತರದ ಮೇಲೆ ನಮಗೆ ಸಿಟ್ಟಿದೆ.

ಮೊದಲು ಆ ಸ್ಟೆಬಿಲೈಸೇಷನ್ ಎಂಬ ಮಾಯೆ. ಕ್ಯಾಮೆರಾ ಎಷ್ಟು ಅಲುಗಿತು ಎಂದು ಒಳಗಿನ ಸೆನ್ಸರ್ ಅಳೆಯುತ್ತದೆ, ಚಿತ್ರದ ಅಂಚನ್ನು ಕತ್ತರಿಸಿ, ಉಳಿದದ್ದನ್ನು ಎದುರು ದಿಕ್ಕಿಗೆ ಸರಿಸಿ ಅಲುಗಾಟವನ್ನು ಅಳಿಸುತ್ತದೆ. ಬೈಕಿನಲ್ಲಿ ಆಗುಂಬೆ ಘಾಟಿ ಹತ್ತುವವರಿಗೆ ಇದು ವರ. ಬೋಟಿನಲ್ಲಿ ಅಳಿಸಿ ಹೋಗುವುದು ಕಡಲೇ. ಬಲೆ ಎಳೆಯುವವರು ಕಾಲು ಅಗಲಿಸಿ ನಿಂತದ್ದು ಯಾಕೆ, ಅನ್ನದ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಡಿಸುವುದು ಯಾಕೆ ಎಂದು ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಅಗಲ ಕೋನದ ಲೆನ್ಸ್ ಬೇರೆ. ಹತ್ತಿರ ಹಿಡಿದ ಅಂಜಲ್ ಮನುಷ್ಯನಷ್ಟು ದೊಡ್ಡದಾಗಿ ಕಾಣುತ್ತದೆ, ಆಳೆತ್ತರದ ಅಲೆ ಮಲಗಿಬಿಡುತ್ತದೆ, ಪಕ್ಕದ ಬೋಟು ಚುಕ್ಕಿಯಾಗುತ್ತದೆ. ಆಮೇಲೆ ಘಟ್ಟದ ಮೇಲಿನವರು ಕಾಮೆಂಟ್ ಹಾಕುತ್ತಾರೆ: ಎಷ್ಟು ಶಾಂತ ಸಮುದ್ರ, ಒಂದು ಟ್ರಿಪ್ ಕರ್ಕೊಂಡು ಹೋಗಿ ಬ್ರೋ!

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಮಹಾರಾಷ್ಟ್ರದ ಕಡಲಿನಲ್ಲಿ ಪತ್ತೆಯಾಗುವಾಗ 2019ರ ಮೇ ಬಂದಿತ್ತು. ಅಷ್ಟು ತಿಂಗಳು ರಾಜ್ಯವೆಲ್ಲ ಆ ಹೆಸರನ್ನು ಕೇಳಿತು. ಆದರೆ ಅಂಥ ಬೋಟಿನಲ್ಲಿ ಹತ್ತು ದಿನ ಹೇಗೆ ಕಳೆಯುತ್ತಾರೆ, ಎಲ್ಲಿ ಮಲಗುತ್ತಾರೆ, ಗಾಳಿ ಎದ್ದರೆ ಏನು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ಕನ್ನಡಿಗರು ಎಷ್ಟು ಮಂದಿ? ನಿಮ್ಮ ವಿಡಿಯೋ ಬೇಕಾದದ್ದು ಅದಕ್ಕೆ. ಮೀನಿನ ರಾಶಿ ನೋಡಲು ಬಂದರಿನ ಹರಾಜು ಸಾಕು.

ಹಾಗಾದರೆ ಯಾವುದು ಕೊಳ್ಳಬೇಕು? ಮೊದಲು ಮೈಕ್. ನಗಬೇಡಿ. ನೀರು ಹೋಗದಂತೆ ಮುಚ್ಚಿದ ಕ್ಯಾಮೆರಾದ ಮೈಕಿನಲ್ಲಿ ಎಂಜಿನ್ ಸದ್ದು, ಗಾಳಿಯ ಬುಸುಗುಟ್ಟುವಿಕೆ ಬಿಟ್ಟರೆ ಬೇರೇನೂ ನೆಟ್ಟಗೆ ಕೇಳುವುದಿಲ್ಲ. ಆಗ ಮೇಲೆ ಹಾಡು ಹಾಕಿ ಮುಚ್ಚುತ್ತೀರಿ. ತಾಂಡೇಲರು ಕುಂದಾಪ್ರ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಕೂಗಿ ಹೇಳುವ ಮಾತು, ಅದನ್ನು ಒಡಿಶಾದಿಂದ ಬಂದ ಕಲಾಸಿ ಅರ್ಥ ಮಾಡಿಕೊಳ್ಳುವ ಬಗೆ, ಎಲ್ಲ ಆ ಹಾಡಿನಡಿ ಹೋಯಿತು. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್, ಅದಕ್ಕೊಂದು ರೋಮದ ಟೋಪಿ, ಕಿಸೆಯಲ್ಲಿ ರೆಕಾರ್ಡರ್. ಹೊಸ ಆಕ್ಷನ್ ಕ್ಯಾಮೆರಾದ ಬೆಲೆಯ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ.

ಕ್ಯಾಮೆರಾ ಯಾವುದೆಂಬುದು ಬೋಟಿನ ಮೇಲೆ ನಿಂತಿದೆ. ದಡದಲ್ಲಿ ಕೈರಂಪಣಿ ಎಳೆಯುವುದನ್ನು ತೆಗೆಯಲು ಸ್ಟ್ಯಾಂಡಿನ ಮೇಲಿಟ್ಟ ಫೋನ್ ಸಾಕು. ನಾಡದೋಣಿಯಲ್ಲಿ ಅಲೆ ಮೈಮೇಲೇ ಒಡೆಯುತ್ತದೆ, ಅಲ್ಲಿ ನೀರು ತಡೆಯುವ ಆಕ್ಷನ್ ಕ್ಯಾಮೆರಾ ಬೇಕೇ ಬೇಕು. ಹಳೆಯ ಮಾಡೆಲ್ ಸಾಕು, ಸ್ಟೆಬಿಲೈಸೇಷನ್ ಕಡಿಮೆಗೆ ಇಳಿಸಿ, ಲೆನ್ಸನ್ನು ಲೀನಿಯರ್‌ಗೆ ಹಾಕಿ. ಟ್ರಾಲ್ ಬೋಟಿಗೆ ನಮ್ಮ ಮತ ಮೂಲೆ ಸೇರಿದ ಹಳೇ ಹ್ಯಾಂಡಿಕ್ಯಾಮಿಗೆ, ಮಳೆ ಕವರ್ ಹಾಕಿ. ಅದರ ಆಪ್ಟಿಕಲ್ ಝೂಮ್ ಇರುವುದರಿಂದ ಕ್ಯಾಬಿನ್ ಗೋಡೆಗೆ ಒರಗಿ ನಿಂತೇ ಕೈ, ಹಗ್ಗ, ಮುಖ ಎಲ್ಲ ಸಿಗುತ್ತದೆ. ವಿಂಚ್ ತಿರುಗುವಾಗ ಕುತ್ತಿಗೆಗೆ ಪಟ್ಟಿ ನೇತುಹಾಕಿಕೊಂಡು ಸೆಲ್ಫಿ ಕೋಲು ಹಿಡಿದು ಹತ್ತಿರ ಹೋಗುವವರನ್ನು ಬೋಟಿಗೆ ಹತ್ತಿಸಲೇಬಾರದು.

ಇನ್ನು 4ಕೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ. ಅದೇ 1080ಪಿಯಲ್ಲಿ 30 ಮೆಗಾಬಿಟ್ ಇಟ್ಟರೆ 13.5 ಜಿಬಿ. ಹತ್ತು ದಿನದ ಟ್ರಿಪ್ಪಿನ ಲೆಕ್ಕ ನೀವೇ ಹಾಕಿ. ಉಳಿದ ದುಡ್ಡಿಗೆ ಎರಡು ಬ್ಯಾಟರಿ ಹೆಚ್ಚು ಬರುತ್ತದೆ. ಹಾಂ, ಉಪ್ಪು ತೊಳೆಯಲು ಸಿಹಿನೀರಿನ ಬಾಟಲಿ ನಿಮ್ಮದೇ ಇರಲಿ. ಬೋಟಿನಲ್ಲಿರುವ ನೀರು ಅನ್ನಕ್ಕೆ, ಕುಡಿಯಲಿಕ್ಕೆ.

ಯಾವ ರಿವ್ಯೂದಲ್ಲೂ ಹೇಳದ ಸಂಗತಿ ಜಿಪಿಎಸ್. ಹಲವು ಆಕ್ಷನ್ ಕ್ಯಾಮೆರಾಗಳು ವಿಡಿಯೋ ಜತೆಗೆ ಜಾಗದ ಗುರುತನ್ನೂ ಬರೆದುಕೊಳ್ಳುತ್ತವೆ. ಫೋನೂ ಅಷ್ಟೆ. ಮೀನು ಎಲ್ಲಿ ಸಿಗುತ್ತದೆ, ಬಲೆ ಹರಿಯುವ ಕಲ್ಲು ಎಲ್ಲಿದೆ ಎಂಬ ಪಾಯಿಂಟುಗಳು ತಾಂಡೇಲರ ವರ್ಷಗಟ್ಟಲೆಯ ಸಂಪಾದನೆ. ಪಕ್ಕದ ಬೋಟಿನವರಿಗೂ ಅವರು ಹೇಳುವುದಿಲ್ಲ. ನೀವು ಕ್ಯಾಬಿನ್ನಿಗೆ ನುಗ್ಗಿ ಆ ಸ್ಕ್ರೀನನ್ನು 4ಕೆಯಲ್ಲಿ ತೆಗೆದು, ಊರಿಗೆಲ್ಲ ತೋರಿಸಿ, ಲೈಕ್ ಮಾಡಿ ಎನ್ನುತ್ತೀರಿ. ಇದನ್ನು ಕಳವು ಎನ್ನದೆ ಏನೆನ್ನಬೇಕು? ಜಿಪಿಎಸ್ ಆಫ್ ಮಾಡಲು ಬಾರದ ಕ್ಯಾಮೆರಾ ಎಷ್ಟೇ ಚೆನ್ನಾಗಿದ್ದರೂ ಬೇಡ.

ಇಲ್ಲಿ ಒಂದು ವಾದ ಬರುತ್ತದೆ. ಬೋಟಿನವರ ಗುಟ್ಟು ಕಾಯುವುದು ಪತ್ರಕರ್ತರ ಕೆಲಸವೇ? 2017ರಲ್ಲಿ ಕೇಂದ್ರ ಸರ್ಕಾರ ಬೆಳಕು ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿದೆ, ಅದು ಕಂಡರೆ ತೋರಿಸಬಾರದೇ? ತೋರಿಸಿ, ಖಂಡಿತ. ಮರಿಮೀನು ಫಿಶ್‌ಮೀಲಿಗೆ ಹೋಗುವುದನ್ನೂ ತೋರಿಸಿ. ಆದರೆ ಅದು ವರದಿ. ಮಾಲೀಕರನ್ನು ಕೇಳಬೇಕು, ಇಲಾಖೆಯನ್ನು ಕೇಳಬೇಕು, ದಿನಾಂಕ ಜಾಗ ಎಲ್ಲ ಖಚಿತವಾಗಿ ಹೇಳಬೇಕು. ಮೋಜಿನ ವ್ಲಾಗಿನ ನಡುವೆ ಆ ದೃಶ್ಯ ಸುಮ್ಮನೆ ಸಿಕ್ಕಿಸಿದರೆ ಲೈಟು ಕೊಂಡುತಂದ ಮಾಲೀಕರ ಮುಖ ಎಲ್ಲೂ ಇರುವುದಿಲ್ಲ. ಕಾಣುವುದು ಕೂಲಿಗೆ ಬಂದ ಕಲಾಸಿಯ ಮುಖ. ಆತನಿಗೆ ನೀವು ಏನು ತೆಗೆಯುತ್ತಿದ್ದೀರಿ ಎಂದು ಆತನ ಭಾಷೆಯಲ್ಲಿ ಯಾರಾದರೂ ಹೇಳಿದ್ದಾರೆಯೇ?

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಬಂದರಿಗೆ ಹೋಗಿ. ತಾಂಡೇಲರನ್ನು ಕೇಳಿ: ಏನು ತೆಗೀಬಹುದು, ಏನು ಬೇಡ, ವಿಂಚ್ ಹತ್ತಿರ ಎಲ್ಲಿ ನಿಲ್ಲಲಿ? ಅವರು ತೋರಿಸಿದ ಜಾಗದಿಂದ ಕಾಣುವುದನ್ನು ಹಿಡಿಯಲು ಎಷ್ಟು ಝೂಮ್ ಬೇಕೋ ಅಷ್ಟಿರುವ ಕ್ಯಾಮೆರಾ ತನ್ನಿ. ಒಂದು ಖಾಲಿ ಪೆನ್‌ಡ್ರೈವ್ ಕೂಡ ಇಟ್ಟುಕೊಳ್ಳಿ. ಬೋಟು ಬಂದರಿಗೆ ಬಂದ ಮೇಲೆ ತೆಗೆದದ್ದರ ಒಂದು ಪ್ರತಿ ಅವರ ಕೈಗೆ ಕೊಟ್ಟು, ಅವರು ನೋಡಿದ ಮೇಲೆ ಅಪ್‌ಲೋಡ್ ಮಾಡಿ.