ಕಲಾ ವಿದ್ಯಾರ್ಥಿಯೂ ಲೆಕ್ಕದ ಹಾಳೆಯೂ

ಬಿ.ಎ. ಓದುವವರಿಗೆ ಅಂಕಿ ಅಂಶಗಳ ಗೊಡವೆ ಬೇಡವೆಂಬ ಅಭಿಪ್ರಾಯವು ನಮ್ಮಲ್ಲಿ ಬಹುದಿನಗಳಿಂದ ಬೇರೂರಿದೆ. ವಾಣಿಜ್ಯದವರು ಲೆಕ್ಕ ಬರೆಯಲಿ, ವಿಜ್ಞಾನದವರು ಗಣಿತ ಮಾಡಲಿ, ನಾವು ಚರಿತ್ರೆ, ಸಾಹಿತ್ಯ, ಸಮಾಜಶಾಸ್ತ್ರಗಳನ್ನು ಓದಿ ಪದವೀಧರರಾಗೋಣ ಎಂದು ನಮ್ಮ ಸುತ್ತ ನಾವೇ ಒಂದು ಬೇಲಿಯನ್ನು ಕಟ್ಟಿಕೊಂಡಿದ್ದೇವೆ. ಪದವಿ ಕೈಗೆ ಬಂದ ಮರುದಿನವೇ ಈ ಬೇಲಿ ಬಿದ್ದುಹೋಗುತ್ತದೆ. ಸಹಕಾರ ಸಂಘವಾಗಲಿ, ಖಾಸಗಿ ಶಾಲೆಯ ಕಚೇರಿಯಾಗಲಿ, ಸಗಟು ವ್ಯಾಪಾರದ ಅಂಗಡಿಯಾಗಲಿ, ಕೆಲಸ ಕೇಳಲು ಹೋದವರನ್ನು "ಎಕ್ಸೆಲ್ ಬರುತ್ತದೆಯೆ?" ಎಂದು ವಿಚಾರಿಸುವ ಕಾಲವಿದು. ಸರ್ಕಾರಿ ಕೆಲಸಕ್ಕೆ ಸೇರಿದರೂ ಇದು ತಪ್ಪಿದ್ದಲ್ಲ. ನಮ್ಮ ರಾಜ್ಯದ ನೌಕರರಿಗಾಗಿ 2012ರ ನಿಯಮಗಳಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೊಂದು ಏರ್ಪಟ್ಟಿದೆ.

ಆದ್ದರಿಂದ ಕಲಿಯಬೇಕೆ ಬೇಡವೆ ಎಂಬ ಚರ್ಚೆ ಈಗ ಉಳಿದಿಲ್ಲ. ಹೇಗೆ ಕಲಿಯಬೇಕು ಎಂಬುದೇ ಪ್ರಶ್ನೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡಲು ಬಯಸುತ್ತೇನೆ. ಸ್ಪ್ರೆಡ್‌ಶೀಟನ್ನು ಕಲಾ ವಿದ್ಯಾರ್ಥಿ ತಾನೇ ಕಲಿಯಬಲ್ಲ. ತನ್ನ ಮನೆಯ, ತನ್ನ ಊರಿನ ಲೆಕ್ಕದಿಂದಲೇ ಕಲಿಯಬೇಕು. ಹಾಗೆ ಕಲಿತಾಗ ಅವನು ತರಗತಿಯಲ್ಲಿ ಓದಿದ ಶಾಸ್ತ್ರಗಳೇ ಅವನ ನೆರವಿಗೆ ಬರುತ್ತವೆ.

ಮೊದಲು ಈ ಸಾಧನದ ಪರಿಚಯ ಮಾಡಿಕೊಳ್ಳೋಣ. ಸಾಲುಗಳೂ ಅಂಕಣಗಳೂ ಕೂಡಿ ಚೌಕಾಬಾರದ ಮನೆಗಳಂತೆ ವಿಂಗಡವಾಗಿರುವ ದೊಡ್ಡದೊಂದು ಹಾಳೆಯೇ ಸ್ಪ್ರೆಡ್‌ಶೀಟ್. ನೋಟಕ್ಕೆ ಇದಕ್ಕೂ ಅಂಗಡಿಯವರ ಖಾತೆ ಪುಸ್ತಕಕ್ಕೂ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಇಷ್ಟೇ: ಒಂದು ಮನೆಯಲ್ಲಿ ಅಂಕಿಯ ಬದಲು ಸೂತ್ರವನ್ನು ಬರೆಯಬಹುದು, ಬೇರೆ ಮನೆಗಳ ಅಂಕಿ ಬದಲಾದಾಗ ಆ ಸೂತ್ರವು ತನ್ನ ಉತ್ತರವನ್ನು ತಾನೇ ತಿದ್ದಿಕೊಳ್ಳುತ್ತದೆ. ಈ ಯೋಚನೆ ಹೊಳೆದದ್ದು ಒಬ್ಬ ವಿದ್ಯಾರ್ಥಿಗೆ ಎಂಬುದು ನಮಗೆ ಸಂತೋಷದ ಸಂಗತಿ. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬವರು, ಕರಿಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುವುದನ್ನು ಕಂಡರು; ಈ ತಿದ್ದುವ ಶ್ರಮವನ್ನು ಯಂತ್ರಕ್ಕೇಕೆ ಒಪ್ಪಿಸಬಾರದು ಎಂದು ಯೋಚಿಸಿದರು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಅವರೊಡಗೂಡಿ ಅವರು 1979ರಲ್ಲಿ ಹೊರತಂದ ವಿಸಿಕ್ಯಾಲ್ಕ್ ಇಂದಿನ ಸ್ಪ್ರೆಡ್‌ಶೀಟುಗಳ ಪೂರ್ವಜ. ಮೈಕ್ರೋಸಾಫ್ಟ್ ಕಂಪನಿಯ ಎಕ್ಸೆಲ್ ಬಂದದ್ದು 1985ರಲ್ಲಿ.

ಇನ್ನು ಕಲಿಯುವ ದಾರಿ. ಪರೀಕ್ಷೆ ಮುಗಿಯುತ್ತಲೇ ಪೇಟೆಯ ಯಾವುದಾದರೊಂದು ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟಿ ಪ್ರಮಾಣಪತ್ರ ತರುವುದು ನಮ್ಮಲ್ಲಿ ರೂಢಿಯಾಗಿದೆ. ಒಳ್ಳೆಯ ಉಪಾಧ್ಯಾಯರಿರುವ ಕೇಂದ್ರಗಳನ್ನು ನಾನು ಹಳಿಯಲಾರೆ. ಆದರೆ ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು, ನಾನೂ ಅವರಲ್ಲೊಬ್ಬ. ಯಾವ ಪ್ರಮಾಣಪತ್ರಕ್ಕೆ ಬೆಲೆಯುಂಟು, ಯಾವುದಕ್ಕಿಲ್ಲ ಎಂದು ಹೇಳಬಲ್ಲ ಅಣ್ಣನಾಗಲಿ ಚಿಕ್ಕಪ್ಪನಾಗಲಿ ನಮ್ಮ ಮನೆಗಳಲ್ಲಿಲ್ಲ. "ಓದಿಗೆ ಬೇಕು" ಎಂದರೆ ತಂದೆತಾಯಿಗಳು ಸಾಲ ಮಾಡಿಯಾದರೂ ಕೊಡುತ್ತಾರೆ. ಆದಕಾರಣವೇ ಕೇಳುವ ಮುನ್ನ ನಾವು ಎರಡು ಸಲ ಯೋಚಿಸಬೇಕು. ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟ ಮೇಲೆ "ಈ ಪಟ್ಟಿಯನ್ನು ತಾಲ್ಲೂಕುವಾರು ವಿಂಗಡಿಸಿ ಕೊಡಿ" ಎಂದರೆ ಕೈ ಓಡದಿದ್ದಲ್ಲಿ, ಆ ಕಾಗದದಿಂದ ಪ್ರಯೋಜನವೇನು?

ಸ್ವಂತವಾಗಿ ಕಲಿಯುವುದಕ್ಕೆ ಬೇಕಾದ ಸಾಮಗ್ರಿ ಇಂದು ದುರ್ಲಭವಲ್ಲ. ಲಿಬ್ರೆ ಆಫೀಸಿನ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಹಣವಿಲ್ಲದೆ ದೊರೆಯುತ್ತದೆ. ಕಂಪ್ಯೂಟರ್ ಇಲ್ಲದವರು ಮೊಬೈಲಿನಲ್ಲಿಯೇ ಗೂಗಲ್ ಶೀಟ್ಸ್ ತೆರೆಯಬಹುದು. ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಕ್ಯಾಲ್ಕನ್ನು ಕುರಿತು ಸಣ್ಣ ಸಣ್ಣ ಪಾಠಗಳನ್ನು ಉಚಿತವಾಗಿ ಒದಗಿಸಿದ್ದಾರೆ. ಅಂಕಣದ ತಲೆಬರಹವನ್ನು ಕನ್ನಡದಲ್ಲಿಯೇ ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕೊರತೆಯಿರುವುದು ಪಾಠಗಳದ್ದಲ್ಲ, ಲೆಕ್ಕದ್ದು. ಪಾಠದಲ್ಲಿ ಬರುವ ಕಾಲ್ಪನಿಕ ಕಂಪನಿಯ ಕಾಲ್ಪನಿಕ ಮಾರಾಟವನ್ನು ಕೂಡಿಸುತ್ತ ಕುಳಿತರೆ, ಉತ್ತರ ಸರಿಯೋ ತಪ್ಪೋ ಎಂಬ ಕಾತರವೇ ಹುಟ್ಟುವುದಿಲ್ಲ. ತಪ್ಪಾದರೆ ಯಾರಿಗೇನು ನಷ್ಟ?

ನಮ್ಮ ಹಳ್ಳಿಯ ಮನೆಗಳಲ್ಲಿ ಡೈರಿಗೆ ಹಾಲು ಹಾಕುವ ಲೆಕ್ಕವಿರುತ್ತದೆ. ಅದರಿಂದಲೇ ಆರಂಭಿಸಬಹುದು. ತಾರೀಖು, ಬೆಳಗಿನ ಲೀಟರು, ಸಂಜೆಯ ಲೀಟರು, ಫ್ಯಾಟು, ದರ, ಹಣ ಎಂದು ಅಂಕಣಗಳನ್ನು ಮಾಡಿ, ಬಟವಾಡೆಯ ಚೀಟಿಯೊಡನೆ ಮೊತ್ತವನ್ನು ತಾಳೆ ನೋಡಬೇಕು. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಬರುವುದರಿಂದ ಅದಕ್ಕೆ ಪ್ರತ್ಯೇಕ ಅಂಕಣ ಬೇಕು. ಮುಂದೆ ಹಿಂಡಿ ಬೂಸಾದ ಖರ್ಚನ್ನು ಬರೆಯಬೇಕು. ತಿಂಗಳಿಗೆ 240 ಲೀಟರ್ ಹಾಲು, 4,800 ರೂಪಾಯಿ ಹಿಂಡಿ ಬೂಸಾ ಎಂದಿಟ್ಟುಕೊಂಡರೆ, ಲೀಟರೊಂದಕ್ಕೆ ಆ ಖರ್ಚೇ 20 ರೂಪಾಯಿಯಾಯಿತು. ಖರ್ಚಿನ ಮನೆಯಲ್ಲಿ 4,800ನ್ನು 5,400 ಎಂದು ತಿದ್ದಿದರೆ, ಉತ್ತರದ ಮನೆ ತಾನೇ 22.50 ಎನ್ನುತ್ತದೆ. ಹಿಂಡಿಯ ಬೆಲೆ ಏರಿದರೆ ಕೈಗೆಷ್ಟು ಉಳಿದೀತು ಎಂಬುದು ಮನೆಯವರು ನಿತ್ಯ ಕೇಳಿಕೊಳ್ಳುವ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂಡಿಸುವುದು, ಭಾಗಿಸುವುದು, ಸರಾಸರಿ, ತಿಂಗಳುವಾರು ವಿಂಗಡಣೆ ಇವೆಲ್ಲ ಒಂದೊಂದಾಗಿ ಕೈಗೆ ಬರುತ್ತವೆ. ಹಾಲಿಲ್ಲದ ಮನೆಯಲ್ಲಿ ಸ್ವಸಹಾಯ ಸಂಘದ ಉಳಿತಾಯವಿದೆ, ಕಿರಾಣಿ ಅಂಗಡಿಯ ಉದ್ದರಿ ಇದೆ. ಲೆಕ್ಕವಿಲ್ಲದ ಮನೆಯೇ ಇಲ್ಲ.

ಇದು ಮೊದಲ ಹಂತ. ಎರಡನೆಯ ಹಂತದಲ್ಲಿ ನಮ್ಮ ಶಾಸ್ತ್ರಗಳ ಪ್ರವೇಶವಾಗುತ್ತದೆ. 2011ರ ಜನಗಣತಿಯ ಕೋಷ್ಟಕಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತಿವೆ. ಅದರಂತೆ ನಮ್ಮ ರಾಜ್ಯದ ಸಾಕ್ಷರತೆ ಶೇಕಡಾ 75.36, ದಕ್ಷಿಣ ಕನ್ನಡದಲ್ಲಿ 88.57, ಯಾದಗಿರಿಯಲ್ಲಿ 51.83. ಆಗಿದ್ದ 30 ಜಿಲ್ಲೆಗಳ ದರಗಳನ್ನು ಬರೆದು ಸರಾಸರಿಯ ಸೂತ್ರ ಹಾಕಿದರೆ ರಾಜ್ಯದ ದರ ಬಂದೀತೆಂದು ತೋರಬಹುದು. ಆದರೆ ಅದು ನಿಜವಾದ ದರವಲ್ಲ. 1 ಲಕ್ಷ ಜನರಿರುವ ತಾಲ್ಲೂಕಿನಲ್ಲಿ ಶೇಕಡಾ 80, 4 ಲಕ್ಷ ಜನರಿರುವ ತಾಲ್ಲೂಕಿನಲ್ಲಿ ಶೇಕಡಾ 60 ಮಂದಿ ಸಾಕ್ಷರರೆನ್ನೋಣ. ಯಂತ್ರದ ಸರಾಸರಿ 70. ಜನರನ್ನು ಎಣಿಸಿದರೆ 64. ಯಂತ್ರವು ಕೇಳಿದ್ದಕ್ಕೆ ಉತ್ತರ ಕೊಡುತ್ತದೆಯೇ ಹೊರತು, ಕೇಳಿದ ಪ್ರಶ್ನೆಯೇ ತಪ್ಪೆಂದು ಎಚ್ಚರಿಸುವುದಿಲ್ಲ. ಆ ಎಚ್ಚರ ಬರುವುದು ಸಂಖ್ಯೆಯ ಹಿಂದೆ ಮನುಷ್ಯರನ್ನು ಕಾಣುವ ಅಭ್ಯಾಸವಿದ್ದವರಿಗೆ. ಚರಿತ್ರೆಯನ್ನೂ ಸಮಾಜಶಾಸ್ತ್ರವನ್ನೂ ಓದಿದ ನಮಗೆ ಆ ಅಭ್ಯಾಸವಿಲ್ಲವಾದರೆ ಮತ್ತಾರಿಗೆ ಇರಬೇಕು?

"ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಬೇಕಾದ ಸೂತ್ರವನ್ನು ಅದೇ ಬರೆದುಕೊಡುವಾಗ ನಾವು ಕಲಿತು ಆಗಬೇಕಾದ್ದೇನು?" ಎಂದು ಕೆಲವು ಮಿತ್ರರು ಆಕ್ಷೇಪಿಸುತ್ತಾರೆ. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಸೂತ್ರ ಬರೆಯುವ ಶ್ರಮ ಕಡಮೆಯಾಗಿರುವುದು ನಿಜ. ಆದರೆ ಪರಿಶೀಲಿಸುವ ಹೊಣೆ ಕಡಮೆಯಾಗಿಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ರಾಷ್ಟ್ರೀಯ ಉತ್ಪನ್ನದ ಶೇಕಡಾ 90ಕ್ಕಿಂತ ಹೆಚ್ಚು ಸರ್ಕಾರಿ ಸಾಲವಿರುವ ದೇಶಗಳ ಬೆಳವಣಿಗೆಯ ಸರಾಸರಿ, ಅವರ ಲೆಕ್ಕದಂತೆ, ಸೊನ್ನೆಗಿಂತಲೂ 0.1ರಷ್ಟು ಕೆಳಗಿತ್ತು. ಸರ್ಕಾರಗಳು ವೆಚ್ಚ ಕಡಿತ ಮಾಡಬೇಕೆಂದು ವಾದಿಸಿದವರು ಈ ಪ್ರಬಂಧವನ್ನು ಆಧಾರವಾಗಿ ತೋರಿಸಿದರು. ಅಮೆರಿಕದ ಆಮ್‌ಹರ್ಸ್ಟ್‌ನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಥಾಮಸ್ ಹರ್ನ್‌ಡನ್, ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕವನ್ನು ಮತ್ತೆ ಮಾಡಲು ಹೊರಟರು, ಉತ್ತರ ತಾಳೆಯಾಗಲಿಲ್ಲ. ಮೂಲದ ಎಕ್ಸೆಲ್ ಹಾಳೆಯನ್ನು ತರಿಸಿ ನೋಡಿದಾಗ, ಸರಾಸರಿಯ ಸೂತ್ರದಿಂದ ಐದು ದೇಶಗಳ ಸಾಲುಗಳೇ ಹೊರಗುಳಿದಿದ್ದವು. ಕೆಲವು ವರ್ಷಗಳ ಅಂಕಿಗಳು ಸೇರಿರಲಿಲ್ಲ. ದೇಶಗಳಿಗೆ ತೂಕ ಕೊಟ್ಟ ಕ್ರಮವೂ ಪ್ರಶ್ನಾರ್ಹವಾಗಿತ್ತು. ಇವೆಲ್ಲವನ್ನೂ ಸರಿಪಡಿಸಿದರೆ ಸರಾಸರಿ 2.2 ಎಂದು ಅವರೂ ಅವರ ಗುರುಗಳಿಬ್ಬರೂ 2013ರಲ್ಲಿ ತೋರಿಸಿದರು. ಸೂತ್ರದ ದೋಷವನ್ನು ಲೇಖಕರು ಒಪ್ಪಿಕೊಂಡರು. ಮುಖ್ಯ ನಿರ್ಣಯವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ವಾದವೇನೇ ಇರಲಿ, ಹೆಸರಾಂತ ವಿದ್ವಾಂಸರ ಹಾಳೆಯಲ್ಲಿದ್ದ ದೋಷವನ್ನು ಹಿಡಿದದ್ದು ಲೆಕ್ಕವನ್ನು ಸ್ವತಃ ಮಾಡಿನೋಡಿದ ವಿದ್ಯಾರ್ಥಿಯೆಂಬುದನ್ನು ಮರೆಯಬಾರದು. ಸೂತ್ರ ಬರೆದವರು ವಿದ್ವಾಂಸರಾಗಲಿ ಯಂತ್ರವಾಗಲಿ, ಓದಿ ನೋಡಬಲ್ಲವನು ಒಬ್ಬನಿರಲೇಬೇಕು. ಅಂಥವನಿಗೆ ಕೆಲಸ ತಪ್ಪಲಾರದೆಂದು ನನ್ನ ನಂಬಿಕೆ.

ಸ್ವಯಂ ಅಧ್ಯಯನವೆಂದರೆ ಒಂಟಿಯಾಗಿ ಕೂರುವುದೆಂದು ಅರ್ಥವಲ್ಲ. ಇಬ್ಬರು ಸೇರಿ, ಒಬ್ಬರ ಹಾಳೆಯನ್ನು ಇನ್ನೊಬ್ಬರು ಪರೀಕ್ಷಿಸುವುದು ಉತ್ತಮ. ಗುರುಗಳಲ್ಲಿ ನನ್ನ ಬಿನ್ನಹವೂ ಸಣ್ಣದೇ. ತರಗತಿಗಳು ಮುಗಿದ ಮೇಲೆ ಸಂಜೆ ಒಂದು ಗಂಟೆಯ ಕಾಲ ಕಾಲೇಜಿನ ಕಂಪ್ಯೂಟರ್ ಕೊಠಡಿ ಕಲಾ ವಿದ್ಯಾರ್ಥಿಗಳಿಗೂ ತೆರೆದಿರಲಿ. ಪ್ರಾಜೆಕ್ಟು ಬರೆಯಿಸುವಾಗ ಕೋಷ್ಟಕದೊಂದಿಗೆ ಅದರ ಹಾಳೆಯನ್ನೂ ಕೇಳಲಿ. ಇದಕ್ಕೆ ಹೊಸ ಅನುದಾನವೇನೂ ಬೇಕಾಗದು. ಬೀಗದ ಕೈ ಸಿಕ್ಕರೆ ಸಾಕು.

ನಾವು ಈ ವರ್ಷ ಇಲ್ಲಿಂದ ಹೊರಡುವವರು. ಹಿಂದೆ ಉಳಿಯುವ ಮಿತ್ರರು ಮುಂದಿನ ರಜೆಯಲ್ಲಿ ತಮ್ಮ ಮನೆಯ ಒಂದು ವರ್ಷದ ಲೆಕ್ಕವನ್ನಾದರೂ ಹಾಳೆಗೆ ಇಳಿಸಲಿ. ಬೇರೆಯವರ ಲೆಕ್ಕ ಬರೆಯಲು ಸಂಬಳಕ್ಕೆ ಹೋಗುವ ಮೊದಲು, ನಮ್ಮನ್ನು ಓದಿಸಿದವರ ಲೆಕ್ಕವನ್ನು ಒಮ್ಮೆ ಬರೆದು ನೋಡುವುದು ನಮ್ಮ ಕರ್ತವ್ಯವೂ ಹೌದು.

— ಅಂತಿಮ ಬಿ.ಎ. ವಿದ್ಯಾರ್ಥಿ