ಲೆಕ್ಕ ತಪ್ಪಿದ 15 ನಿಮಿಷ

ನಮ್ಮ ಹಾಸ್ಟೆಲ್ಲಿನಲ್ಲಿ ಜಾಝ್ ಅಂದ್ರೆ ಓದೋವಾಗ ಹಾಕ್ಕೊಳ್ಳೋ ಮ್ಯೂಸಿಕ್ಕು. ಇಂಟರ್ನಲ್ಸ್ ಹಿಂದಿನ ರಾತ್ರಿ ಇಯರ್‌ಫೋನಿನಲ್ಲಿ ಏನೋ ಒಂದು ಹರೀತಿರುತ್ತೆ, ಯಾರದ್ದು ಅಂತ ಯಾರೂ ಕೇಳಲ್ಲ. ಗ್ರಾಂಟ್ ಗ್ರೀನ್ ಅವರ ‘ಐಡಲ್ ಮೊಮೆಂಟ್ಸ್’ ನಮಗೆ ಸಿಕ್ಕಿದ್ದೂ ಹಾಗೇ. ಅದನ್ನು ಪುಸ್ತಕ ಮುಚ್ಚಿಟ್ಟು ಕೇಳಬೇಕು ಅನ್ನೋದು ನಮ್ಮ ವಾದ.

ಗ್ರೀನ್ ಅಮೆರಿಕದ ಸೇಂಟ್ ಲೂಯಿಸ್‌ನವರು. ಗಿಟಾರಿನಲ್ಲಿ ಕಾರ್ಡ್‌ಗಳನ್ನು ರಾಶಿ ಹಾಕೋದು ಅವರ ಜಾಯಮಾನವಲ್ಲ. ಒಂದೊಂದೇ ಸ್ವರ, ಸ್ಯಾಕ್ಸೊಫೋನಿನವರು ಉಸಿರು ತಗೊಂಡು ಊದಿದ ಹಾಗೆ. 1963ರ ನವೆಂಬರ್ 4ರಂದು ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಕೂತಾಗ ಅವರಿಗೆ 28 ವರ್ಷ. ವೈಬ್ರಫೋನ್ ನುಡಿಸಿದ ಬಾಬಿ ಹಚರ್ಸನ್‌ಗೆ 22, ಅಂದ್ರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು!

ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡನ್ನು ಬರೆದವರು ಪಿಯಾನೋದ ಡ್ಯೂಕ್ ಪಿಯರ್ಸನ್. ಕವರಿನ ಟಿಪ್ಪಣಿಯಲ್ಲಿ ಅವರೇ ಹೇಳೋ ಪ್ರಕಾರ, ಒಂದು ಸುತ್ತು ಅಂದ್ರೆ 16 ಬಾರೋ 32 ಬಾರೋ ಅಂತ ಗೊಂದಲ ಆಯ್ತು. ನಡೆ ಬೇರೆ ವಿಳಂಬ. ದುಪ್ಪಟ್ಟು ನುಡಿಸಿದರು, ಯಾರೂ ನಿಲ್ಲಿಸಲಿಲ್ಲ. 7 ನಿಮಿಷಕ್ಕೆ ಮುಗಿಯಬೇಕಿದ್ದದ್ದು ಹತ್ತಿರ ಹತ್ತಿರ 15 ಆಯ್ತು. ನಿರ್ಮಾಪಕ ಆಲ್ಫ್ರೆಡ್ ಲಯನ್ ಚಿಕ್ಕದು ಮಾಡಿ ಮತ್ತೆ ನುಡಿಸೋಣ ಅಂದರು. ನುಡಿಸಿದರು ಕೂಡ. ಮೊದಲಿನ ಭಾವ ಬರಲಿಲ್ಲ.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ತಪ್ಪೇ ಕಲೆಯಾಯ್ತು ಅಂತಾರೆ. ನಮಗೆ ಅದು ಹಿಡಿಸಲ್ಲ. ತಪ್ಪೇನು, ನಮ್ಮ ಲ್ಯಾಬಿನಲ್ಲಿ ದಿನಾ ಆಗುತ್ತೆ. ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ ಚೆನ್ನಾಗಿ ಹಿಡಿಯೋದು 20 ಚಿಲ್ಲರೆ ನಿಮಿಷ. ಜಾಸ್ತಿ ತುರುಕಿದರೆ ಗ್ರೂವ್‌ಗಳು ಒತ್ತೊತ್ತಾಗಿ ಸದ್ದನ್ನೇ ತಗ್ಗಿಸಬೇಕಾಗುತ್ತೆ. ಭಾವ ಚೆನ್ನಾಗಿದೆ ಅಂತ ಪ್ಲೇಟು ಹಿಗ್ಗಲ್ಲವಲ್ಲ! ಅದಕ್ಕೇ ನವೆಂಬರ್ 15ರಂದು ಮತ್ತೆ ಸೇರಿ ‘ಜಾಂಗೋ’, ‘ಜೀನ್ ಡಿ ಫ್ಲೂರ್’ ಎರಡನ್ನೂ ಚಿಕ್ಕದಾಗಿ ಹೊಸದಾಗಿ ನುಡಿಸಿದರು. 13 ನಿಮಿಷದ ‘ಜಾಂಗೋ’ 9ರೊಳಗೆ ಬಂತು. ಹಳೇ ಟೇಕೂ ಚೆನ್ನಾಗಿಯೇ ಇತ್ತು (ಸಿಡಿಯಲ್ಲಿದೆ, ಕೇಳಿ). ಅದನ್ನು ಬಿಟ್ಟುಕೊಟ್ಟು ಇದಕ್ಕೆ ಜಾಗ ಮಾಡಿದರು.

ನಾವೇನು ಮಾಡ್ತೀವಿ? ರೀಡಿಂಗು ಗ್ರಾಫಿನ ಗೆರೆ ಮೇಲೆ ಕೂರದಿದ್ದರೆ ರಬ್ಬರ್ ತಗೊಂಡು ಒರೆಸಿ, ಪಕ್ಕದ ಬ್ಯಾಚಿನ ರೆಕಾರ್ಡ್ ನೋಡಿ ಕೂರಿಸ್ತೀವಿ. ಅದು ಯಾಕೆ ಹಾಗೆ ಬಂತು ಅಂತ ನೋಡೋಕೆ ಒಂದು ಸಂಜೆಯನ್ನೂ ಕೊಡಲ್ಲ. ಮಾರ್ಕ್ಸ್ ಹೋಗುತ್ತೆ ಅನ್ನೋ ಭಯ ಸುಳ್ಳಲ್ಲ, ಒಪ್ಪಿದೆವು. ಕಳೆದ ಸೆಮಿಸ್ಟರಿನಲ್ಲಿ ಹಾಗೆ ಒರೆಸಿದವರಲ್ಲಿ ನಾವೂ ಇದ್ದೀವಿ. ಆ ರೀಡಿಂಗು ಸರಿಯಿತ್ತೋ, ವೈರ್ ಸಡಿಲ ಇತ್ತೋ, ಈಗ ಯಾರನ್ನು ಕೇಳೋದು?

ಈ ಶನಿವಾರ ರಾತ್ರಿ ಲೈಟ್ ಆರಿಸಿ ಕೇಳಿ ನೋಡಿ. ಜೋ ಹೆಂಡರ್ಸನ್ ಅವರ ಸ್ಯಾಕ್ಸೊಫೋನ್ ಪಿಸುಮಾತಿನಷ್ಟು ಮೆಲ್ಲಗೆ ಒಳಗೆ ಬರುತ್ತೆ. ಹಚರ್ಸನ್ ಸರದಿ ಬರೋ ಹೊತ್ತಿಗೆ ಆ 7 ನಿಮಿಷದ ಗಡುವು ದಾಟಿ ಎಷ್ಟೋ ಹೊತ್ತಾಗಿರುತ್ತೆ, ಆದರೂ ಅವರ ಕೈಯಲ್ಲಿ ಒಂಚೂರೂ ಅವಸರ ಇಲ್ಲ.